ಮೂರು ಮಕ್ಕಳು, ಹದಿನೈದು ಸಾವಿರ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮದು ಸರಕಾರಿ ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆ. ಮಕ್ಕಳು 28. ವರ್ಷದ ಗ್ರಾಂಟು 10,000 ರೂಪಾಯಿ. ಪೇಟೆ ಹತ್ತಿರದ ಶಾಲೆಗೆ 25,000. ಹಿಂದುಳಿದ ಜಾಗಕ್ಕೇ ಜಾಸ್ತಿ ಕೊಡಬೇಕಲ್ವಾ? ನಮ್ಮದು ಹಿಂದುಳಿದ ಶಾಲೆ ಅಂತ ಎಲ್ಲಿ ಬರೆಸಬೇಕು?'

ಹಾಗೆ ಬರೆಸುವ ಪುಸ್ತಕವೇ ಇಲ್ಲ ಮಾರಾಯ್ರೆ.

ನಿಮ್ಮ ಗ್ರಾಂಟು ಬರುವುದು ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಿಂದ. ಅದು ಊರನ್ನು ನೋಡುವುದಿಲ್ಲ, ತಲೆ ಎಣಿಸುತ್ತದೆ. 30 ಮಕ್ಕಳವರೆಗೆ 10,000. 31 ಆದರೆ 25,000. ನೂರು ಮೀರಿದರೆ 50,000. ಅಂದರೆ ಇನ್ನು ಮೂರು ಮಕ್ಕಳು ಸೇರಿದರೆ ನಿಮಗೂ ಹದಿನೈದು ಸಾವಿರ ಹೆಚ್ಚು. ನನಗಂತೂ ಇದು ಸರಿ ಕಾಣುವುದಿಲ್ಲ. ಕಳೆದ ಮಳೆಗಾಲ ಒಂದು ಶಾಲೆಗೆ ಹೋಗಿದ್ದೆ. ಮೂರನೇ ಕ್ಲಾಸಿನ ಮೂಲೆಯಲ್ಲಿ ಹಂಚು ಒಡೆದು ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಬಿಸಿಯೂಟದ ಪಾತ್ರೆ ಇಟ್ಟಿದ್ದರು. ಮಕ್ಕಳು ಬೆಂಚನ್ನು ಒಂದು ಮೊಳ ಆಚೆ ಎಳೆದುಕೊಂಡು ಮಗ್ಗಿ ಹೇಳುತ್ತಿದ್ದವು. ಮಕ್ಕಳು 28 ಇದ್ದರೂ 280 ಇದ್ದರೂ ಹಂಚಿನ ರೇಟು ಒಂದೇ.

ಜಾಗ ನೋಡಿ ಕೊಡುವ ಲೆಕ್ಕವೂ ಒಂದಿತ್ತು: 'ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕ್'. 2001ರ ಜನಗಣತಿಯಲ್ಲಿ ಹಳ್ಳಿ ಹೆಂಗಸರ ಸಾಕ್ಷರತೆ 46.13 ಶೇಕಡಾಕ್ಕಿಂತ ಕೆಳಗಿರಬೇಕು, ಗಂಡು ಹೆಣ್ಣಿನ ಅಂತರ 21.59ಕ್ಕಿಂತ ಮೇಲಿರಬೇಕು. ನಮ್ಮ ಅಜ್ಜಿಯಂದಿರು ಸಾಕ್ಷರತಾ ಕ್ಲಾಸಿಗೆ ಹೋಗಿ ಸಹಿ ಕಲಿತ ಜಿಲ್ಲೆ ಇದು. ಆ ಗೆರೆಯೊಳಗೆ ನಾವು ಬರುವುದಾದರೂ ಹೇಗೆ? ಓದು ಬರೆಹ ಬಂತು, ರಸ್ತೆ ಬರಲಿಲ್ಲ. ಆ ಪಟ್ಟಿಯಲ್ಲಿ ರಸ್ತೆಯ ಕಾಲಂ ಇರಲಿಲ್ಲ.

ಇನ್ನೊಂದು ಗೆರೆ ಕೇರಳದ್ದು. ಕ್ಲಾಸಿಗೆ ಸರಾಸರಿ 15 ಮಕ್ಕಳಿಲ್ಲದಿದ್ದರೆ ಅದು 'ಅನ್‌ಇಕನಾಮಿಕ್' ಶಾಲೆ. ನಾಲ್ಕು ಕ್ಲಾಸಿನ ಎಲ್.ಪಿ.ಗೆ 60 ಬೇಕು. ಶಾಲೆಗೂ ಲಾಭ ನಷ್ಟ ಹಚ್ಚಿದವರು ಯಾರೋ!

ನೀವು ಕೇಳದ ಒಂದು ವಿಷಯ ಹೇಳುತ್ತೇನೆ, ಕೆಲಸಕ್ಕೆ ಬರಬಹುದು. ಮನೆಯಿಂದ ಶಾಲೆ ದೂರ ಇರುವ, ಗುಡ್ಡ ಹತ್ತಿ ಇಳಿಯುವ ಮಕ್ಕಳಿಗೆ ಇದೇ ಯೋಜನೆಯಲ್ಲಿ ಬಂದು ಹೋಗುವ ಖರ್ಚಿಗೆ ತಲೆಗೆ ವರ್ಷಕ್ಕೆ 6,000 ರೂಪಾಯಿವರೆಗೆ ಅವಕಾಶ ಇದೆ. ಜೀಪಿನ ಬಾಡಿಗೆಗೆ ಹೆದರಿ ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುವವರು ನಿಮ್ಮಲ್ಲೂ ಇರಬಹುದು. ಆ ಮೂರು ಮಕ್ಕಳನ್ನು ಅಲ್ಲೇ ಹುಡುಕಿ.

ಹೆಡ್ಮಾಸ್ಟ್ರು ಯು-ಡೈಸ್ ಫಾರ್ಮು (ಶಾಲೆಯ ಮಕ್ಕಳು, ಕೋಣೆಗಳ ಲೆಕ್ಕ ಸರಕಾರಕ್ಕೆ ಕೊಡುವ ಫಾರ್ಮು) ತುಂಬುವಾಗ ಪಿ.ಟಿ.ಎ.ಯವರು (ರಕ್ಷಕ-ಶಿಕ್ಷಕ ಸಂಘದವರು) ಒಬ್ಬರಾದರೂ ಪಕ್ಕ ಕೂತುಕೊಳ್ಳಿ. ಸೋರುವ ಕೋಣೆ ಅಲ್ಲಿ 'ಚೆನ್ನಾಗಿದೆ' ಅಂತ ಹೋದರೆ ಆಮೇಲೆ ಯಾರ ಹತ್ತಿರ ಹೇಳುತ್ತೀರಿ?

ಅರ್ಜಿ ಏನಿದ್ದರೂ ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಸರಕಾರಿ ಆಫೀಸುಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕೇರಳ ಆಡಳಿತ ಭಾಷೆಗಳ ಕಾಯಿದೆಯಲ್ಲೇ ಇದೆ. ಎ.ಇ.ಒ. (ಉಪಜಿಲ್ಲಾ ವಿದ್ಯಾಧಿಕಾರಿ) ಆಫೀಸಿನಲ್ಲಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ.

– ಸಂ.