ನೋವೇ ಇಲ್ಲ, ಆದರೂ ಕೃತಕ ಕೀಲಿನ ಸುತ್ತ ಮೂಳೆ ಕರಗಿದೆಯಂತೆ!

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. 2004ರಲ್ಲಿ ಬಲಗಡೆ ಹಿಪ್ ರಿಪ್ಲೇಸ್‌ಮೆಂಟ್ ಆಗಿತ್ತು. ಮೊನ್ನೆ ಜಾರಿ ಬಿದ್ದರೆಂದು ಎಕ್ಸ್‌ರೇ ತೆಗೆಸಿದೆವು. ಮುರಿತ ಏನೂ ಇಲ್ಲ, ಆದರೆ ಸೊಂಟದ ಮೂಳೆಗೆ ಕೂರಿಸಿದ ಕಪ್‌ ಮೇಲ್ಭಾಗದಲ್ಲಿ ಮೂಳೆ ಕರಗಿದೆ, ಮತ್ತೆ ಆಪರೇಷನ್ ಬೇಕಾಗಬಹುದು ಎಂದರು. ಅಮ್ಮನಿಗೆ ನೋವಿಲ್ಲ, ದಿನಾ ವಾಕಿಂಗ್ ಹೋಗುತ್ತಾರೆ. ಕ್ಯಾಲ್ಸಿಯಂ ಮಾತ್ರೆ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ಸಾಲದು. ವಯಸ್ಸಾದಂತೆ ಮೈಯ ಮೂಳೆಯೆಲ್ಲ ತೆಳುವಾಗುವುದು ಬೇರೆ, ಇದು ಬೇರೆ. ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು, ಕೊಡಿ. ಇದನ್ನು ಅವು ತಡೆಯುವುದಿಲ್ಲ.

ಕಪ್ ಒಳಗೆ ಪಾಲಿಎಥಿಲಿನ್ ಎಂಬ ಪ್ಲಾಸ್ಟಿಕ್‌ನ ಲೈನರ್ (ಒಳಪದರ) ಸಾಮಾನ್ಯವಾಗಿ ಇರುತ್ತದೆ. ಹೆಜ್ಜೆ ಇಟ್ಟಾಗೆಲ್ಲ ತೊಡೆ ಮೂಳೆಯ ತುದಿಗೆ ಹಾಕಿದ ಗುಂಡು ಅದನ್ನು ಉಜ್ಜುತ್ತದೆ. ಉದುರುವ ಪುಡಿಯಲ್ಲಿ ಹೆಚ್ಚಿನ ಕಣಗಳು ಒಂದು ಮೈಕ್ರಾನ್‌ಗಿಂತಲೂ ಚಿಕ್ಕವು. ದೇಹದ ರಕ್ಷಣಾ ಕೋಶಗಳು ಅವನ್ನು ನುಂಗುತ್ತವೆ, ಅರಗಿಸಿಕೊಳ್ಳಲು ಆಗುವುದಿಲ್ಲ. ಆಗ ಆ ಕೋಶಗಳು ಬಿಡುವ ರಾಸಾಯನಿಕಗಳಿಂದ ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. ಹಿಂದೆ ವೈದ್ಯರು ಇದಕ್ಕೆ 'ಸಿಮೆಂಟ್ ಕಾಯಿಲೆ' ಎಂದೇ ಹೆಸರಿಟ್ಟು, ಕೀಲನ್ನು ಮೂಳೆಗೆ ಅಂಟಿಸುವ ಸಿಮೆಂಟ್ ಮೇಲೆ ಗೂಬೆ ಕೂರಿಸಿದ್ದರು. ಸಿಮೆಂಟ್ ಇಲ್ಲದ ಕೀಲುಗಳಲ್ಲೂ ಮೂಳೆ ಕರಗಿದಾಗ ನಿಜವಾದ ಕಳ್ಳ, ಅಂದರೆ ಈ ಪುಡಿ, ಸಿಕ್ಕಿಬಿದ್ದ.

ಲೈನರ್ ವರ್ಷಕ್ಕೆ 0.1 ಮಿ.ಮೀ.ಗಿಂತ ಜಾಸ್ತಿ ಸವೆದರೆ ಅಪಾಯ ಏರುತ್ತದೆ. 1990ರ ದಶಕದ ಕೊನೆಗೆ ಬಂದ, ಪ್ಲಾಸ್ಟಿಕ್ ಎಳೆಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ ಮಾಡಿದ ಕ್ರಾಸ್‌ಲಿಂಕ್ಡ್ ಲೈನರ್‌ಗಳು ತುಂಬಾ ಕಡಿಮೆ ಸವೆಯುತ್ತವೆ. ನಿಮ್ಮ ತಾಯಿಗೆ ಹಾಕಿದ್ದು ಹಳೆಯದೋ ಹೊಸದೋ? ಆಗಿನ ಡಿಸ್ಚಾರ್ಜ್ ಫೈಲ್ ಹುಡುಕಿ. ಇಂಪ್ಲಾಂಟ್ ಡಬ್ಬದ ಸ್ಟಿಕ್ಕರ್‌ಗಳನ್ನು ಸಾಮಾನ್ಯವಾಗಿ ಅದರಲ್ಲೇ ಅಂಟಿಸಿರುತ್ತಾರೆ. ಹಳೆ ಎಕ್ಸ್‌ರೇಗಳಿದ್ದರೆ ಚಿನ್ನ! ಹೊಸ ಕೀಲಿನಲ್ಲಿ ಗುಂಡು ಕಪ್ ಮಧ್ಯದಲ್ಲಿ ಕೂತಿರುತ್ತದೆ, ಲೈನರ್ ಸವೆದಂತೆ ಮೇಲಕ್ಕೆ ಸರಿಯುತ್ತದೆ. ಎರಡು ಫಿಲ್ಮ್ ಪಕ್ಕ ಪಕ್ಕ ಹಿಡಿದರೆ ನಿಮಗೇ ಕಾಣಬಹುದು.

ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ಕೀಲು ಸಡಿಲವಾಗುವವರೆಗೆ ಅಥವಾ ಮೂಳೆ ಮುರಿಯುವವರೆಗೆ ಇದು ನೋಯದೇ ಇರಬಹುದು. ಕೂತು ಎದ್ದಾಗ ಮೊದಲ ಕೆಲವು ಹೆಜ್ಜೆ ತೊಡೆಸಂದಿನಲ್ಲಿ ನೋವು ಬಂದರೆ ಕಪ್, ತೊಡೆಯಲ್ಲಿ ಬಂದರೆ ಸ್ಟೆಮ್ (ತೊಡೆ ಮೂಳೆಯೊಳಗೆ ಇಳಿಸಿದ ಕಡ್ಡಿ) ಸಡಿಲವಾಗಿರುವ ಅನುಮಾನ. ಕಪ್ ಗಟ್ಟಿಯಾಗಿರುವಾಗಲೇ ಹೋದರೆ ಎಷ್ಟೋ ಸಲ ಲೈನರ್, ಗುಂಡು ಬದಲಿಸಿ, ಮೂಳೆ ಪುಡಿ ತುಂಬಿ ಮುಗಿಸಬಹುದು. ಸಡಿಲವಾದ ಮೇಲೆ ಕಪ್ಪನ್ನೇ ಕಿತ್ತು ಹಾಕಬೇಕು, ಆಗ ಕೂರಿಸಲು ಮೂಳೆಯೇ ಸಾಲದು. ಅದು ದೊಡ್ಡ ಆಪರೇಷನ್, 70 ದಾಟಿದವರಿಗೆ ಇನ್ನೂ ಕಷ್ಟ.

ಸೋಂಕಿನಿಂದಲೂ ಮೂಳೆ ಹೋಗುತ್ತದೆ. ಹಾಗಾಗಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ, ಅನುಮಾನವಿದ್ದರೆ ಕೀಲಿನ ನೀರು ತೆಗೆದು ನೋಡುತ್ತಾರೆ. ಪ್ಲಾಸ್ಟಿಕ್ ಲೈನರ್ ಇಲ್ಲದೆ ಲೋಹದ ಗುಂಡು ಲೋಹದ ಕಪ್ಪಿಗೇ ಉಜ್ಜುವಂತಿದ್ದರೆ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆಯೂ ಬೇಕು.

ವೈದ್ಯರನ್ನು ಎರಡು ವಿಷಯ ಕೇಳಿ: ಕಪ್ ಗಟ್ಟಿಯಾಗಿದೆಯೇ? ಮೂಳೆ ಕರಗಿ ಆದ ಗುಂಡಿ ಬೆಳೆಯುತ್ತಿದೆಯೇ? ಎಕ್ಸ್‌ರೇಯಲ್ಲಿ ಗುಂಡಿ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುವುದುಂಟು, ಸಿಟಿ ಸ್ಕ್ಯಾನ್ ಕೇಳಿದರೆ ಬೇಡ ಎನ್ನಬೇಡಿ. ಗುಂಡಿ ಚಿಕ್ಕದಿದ್ದು ಬೆಳೆಯದಿದ್ದರೆ ಆಗಾಗ ಎಕ್ಸ್‌ರೇ ತೆಗೆದು ಕಾಯಬಹುದು. ಅಲ್ಲಿವರೆಗೆ ವಾಕಿಂಗ್ ಎಷ್ಟು ಮಾಡಬಹುದು ಅಂತ ಅವರನ್ನೇ ಕೇಳಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಇದ್ದಕ್ಕಿದ್ದಂತೆ ಕಾಲು ಊರಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.