ಪೆಟ್ರೋಲ್ ಅಲ್ಲಿ ಇಂಧನವಲ್ಲ: ಆಳಸಮುದ್ರದ ಲೇಖನ ಕಳಿಸಿದವರಿಗೆ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ಪಾತಾಳಕ್ಕಿಳಿದ ಮನುಷ್ಯ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಯದ ಮೇಲೆ ನಿಮಗಿರುವ ಪ್ರೀತಿ ಎದ್ದು ಕಾಣುತ್ತದೆ, ಅದಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇವೆ. ತೊಂದರೆ ಇರುವುದು ಒಂದೇ ಕಡೆ: ಆ ಯಂತ್ರಗಳು ಹೇಗೆ ಇಳಿದವು, ಹೇಗೆ ಮೇಲೆ ಬಂದವು ಎಂದು ನೀವು ಎಲ್ಲೂ ಬಿಡಿಸಿ ಹೇಳಿಲ್ಲ. ಹೇಳಬೇಕಾದ ಜಾಗದಲ್ಲೆಲ್ಲ ‘ರೋಮಾಂಚಕ’, ‘ಎದೆ ಝಲ್ಲೆನ್ನುವ’ ಎಂಬ ಮಾತುಗಳು ಬಂದು ಕೂತಿವೆ.

1960ರಲ್ಲಿ ಇಬ್ಬರನ್ನು ಹೊತ್ತು ಪೆಸಿಫಿಕ್ ಸಾಗರದ ಮರಿಯಾನಾ ಕಂದಕಕ್ಕೆ ಇಳಿದ ಟ್ರಿಯೆಸ್ಟ್ ನೌಕೆ ‘85,000 ಲೀಟರ್ ಪೆಟ್ರೋಲ್ ಉರಿಸಿಕೊಂಡು’ ತಳ ಮುಟ್ಟಿತು ಎಂದಿದ್ದೀರಿ. ಒಂದು ಹನಿಯನ್ನೂ ಉರಿಸಲಿಲ್ಲ. ಪೆಟ್ರೋಲ್ ನೀರಿಗಿಂತ ಹಗುರ, ಗಾಳಿಯಂತೆ ಒತ್ತಡಕ್ಕೆ ಕುಗ್ಗಿಹೋಗುವುದೂ ಇಲ್ಲ. ಇಬ್ಬರು ಕೂತಿದ್ದ ಉಕ್ಕಿನ ಗೋಳದ ಗೋಡೆ 12.7 ಸೆಂಟಿಮೀಟರ್ ದಪ್ಪ. ನೀರೊಳಗೂ ಅದರ ತೂಕ ಸುಮಾರು 8 ಟನ್. ಅದನ್ನು ಎತ್ತಿ ಹಿಡಿಯಲು ಮೇಲೆ ಅಷ್ಟು ದೊಡ್ಡ ಪೆಟ್ರೋಲ್ ತೊಟ್ಟಿ ಬೇಕಾಯಿತು. ನಮ್ಮ ಬಂಕುಗಳಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲಾರಿಗಳ ಲೆಕ್ಕದಲ್ಲಿ ಏಳು ಲಾರಿ ಎನ್ನಿ, ಓದುಗರ ಕಣ್ಣಿಗೆ ಕಟ್ಟುತ್ತದೆ. ತೊಟ್ಟಿಯ ತಳ ಸಮುದ್ರಕ್ಕೆ ತೆರೆದಿತ್ತು. ಒಳಗೂ ಹೊರಗೂ ಒತ್ತಡ ಒಂದೇ ಆದ್ದರಿಂದ ತೆಳು ತಗಡೇ ಸಾಕಾಯಿತು. ಚದರ ಸೆಂಟಿಮೀಟರಿಗೆ ಒಂದು ಟನ್ನಿಗೂ ಮಿಕ್ಕಿದ ಒತ್ತಡವನ್ನು ತಡೆಯಬೇಕಾಗಿದ್ದದ್ದು ಆ ಗೋಳ ಮಾತ್ರ.

ಇಳಿಯಲು ಎರಡೂ ತುದಿಯ ಗಾಳಿತೊಟ್ಟಿಗಳಿಗೆ ನೀರು ತುಂಬಬೇಕು. ಆಳಕ್ಕೆ ಹೋದಂತೆ ಪೆಟ್ರೋಲ್ ತಣ್ಣಗಾಗಿ ಸ್ವಲ್ಪ ಕುಗ್ಗುತ್ತದೆ, ನೌಕೆ ಭಾರವಾಗಿ ವೇಗ ಹಿಡಿಯುತ್ತದೆ. ಆಗ ಕಬ್ಬಿಣದ ಗುಂಡುಗಳನ್ನು ಸುರಿದು ವೇಗ ತಗ್ಗಿಸಬೇಕು. ಗುಂಡುಗಳನ್ನು ಕೊಳವೆಯ ಬಾಯಲ್ಲಿ ತಡೆದು ನಿಲ್ಲಿಸಿದ್ದದ್ದು ವಿದ್ಯುತ್ಕಾಂತ. ಕರೆಂಟ್ ಕೈಕೊಟ್ಟರೆ ಗುಂಡು ತಾನಾಗಿ ಸುರಿದುಹೋಗುತ್ತದೆ, ನೌಕೆ ಮೇಲೇಳುತ್ತದೆ. ಇಡೀ ಯಂತ್ರದ ಜಾಣತನ ಇರುವುದು ಇಲ್ಲೇ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಅಮೆರಿಕದ ವಿಲಿಯಂ ಬೀಬಿ ಮತ್ತು ಓಟಿಸ್ ಬಾರ್ಟನ್ 1934ರಲ್ಲಿ ಬರ್ಮುಡಾ ಬಳಿ 923 ಮೀಟರ್ ಇಳಿದದ್ದನ್ನೂ ಟ್ರಿಯೆಸ್ಟ್ ಇಳಿದದ್ದನ್ನೂ ನೀವು ‘ಹಗ್ಗದ ಸಹಾಯದಿಂದ’ ಎಂದು ಒಂದೇ ಸಾಲಿನಲ್ಲಿ ಕಟ್ಟಿದ್ದೀರಿ. ಬೀಬಿಯ ಗೋಳ ಹಡಗಿನಿಂದ ಉಕ್ಕಿನ ಹಗ್ಗದಲ್ಲಿ ನೇತಾಡುತ್ತಿತ್ತು. ಹಗ್ಗ ಕಡಿದರೆ ತೇಲುವ ದಾರಿಯೇ ಇರಲಿಲ್ಲ. ಉದ್ದ ಹೆಚ್ಚಿದಂತೆ ಹಗ್ಗದ ಸ್ವಂತ ಭಾರವೂ ಹೆಚ್ಚುತ್ತದೆ. ಆ ಹಗ್ಗವನ್ನೇ ಬಿಟ್ಟುಬಿಟ್ಟವರು ಸ್ವಿಸ್ ಭೌತವಿಜ್ಞಾನಿ ಆಗಸ್ಟ್ ಪಿಕಾರ್ಡ್. 1931ರಲ್ಲಿ ಬಲೂನಿನಲ್ಲಿ 15 ಕಿಲೋಮೀಟರಿಗೂ ಮೇಲೆ ಏರಿದ್ದ ಅವರು ಅದೇ ಬಲೂನನ್ನು ನೀರಿಗೆ ತಂದರು: ಹೈಡ್ರೋಜನ್ ಇದ್ದಲ್ಲಿ ಪೆಟ್ರೋಲ್, ಮರಳಿನ ಚೀಲ ಇದ್ದಲ್ಲಿ ಕಬ್ಬಿಣದ ಗುಂಡು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

1960ರ ಜನವರಿ 23ರ ಇಳಿತದ ಭಾಗವನ್ನು ಪೂರ್ತಿ ತಿದ್ದಬೇಕು. ‘ಕಿಟಕಿ ಒಡೆದು ಕೂದಲೆಳೆಯಲ್ಲಿ ಪಾರಾದರು’ ಎಂದಿದ್ದೀರಿ. 9,000 ಮೀಟರ್ ದಾಟಿದ ಮೇಲೆ ಬಿರುಕು ಬಿಟ್ಟದ್ದು ಗೋಳದ ಕಿಟಕಿಯಲ್ಲ, ಗೋಳಕ್ಕೆ ಇಳಿಯುವ ಸುರಂಗದ ಕಿಟಕಿ. ಮುಳುಗಿರುವಾಗ ಸುರಂಗದ ತುಂಬ ನೀರೇ ಇರುತ್ತದೆ, ಆದ್ದರಿಂದ ಕೆಳಗೆ ಜೀವಕ್ಕೆ ಅಪಾಯವಿರಲಿಲ್ಲ. ಅಪಾಯ ಕಾದಿದ್ದದ್ದು ಮೇಲೆ. ಆ ನೀರನ್ನು ಗಾಳಿಯ ಒತ್ತಡದಿಂದ ಹೊರದಬ್ಬಿದರೆ ಮಾತ್ರ ಬಾಗಿಲು ತೆರೆದು ಹೊರಬರಬಹುದು. ಕಿಟಕಿ ಪೂರ್ತಿ ಒಡೆದಿದ್ದರೆ, ಮೇಲೆ ಬಂದೂ ಆಗಸ್ಟ್ ಅವರ ಮಗ ಜಾಕ್ ಪಿಕಾರ್ಡ್ ಮತ್ತು ಜೊತೆಗಿದ್ದ ಡಾನ್ ವಾಲ್ಶ್ ಒಳಗೇ ಸಿಕ್ಕಿಕೊಳ್ಳುತ್ತಿದ್ದರು. ಇಷ್ಟು ಹೇಳಿದರೆ ಓದುಗರಿಗೆ ಭಯ ತಾನಾಗಿ ಹುಟ್ಟುತ್ತದೆ, ‘ಝಲ್’ ಬೇಕಾಗುವುದಿಲ್ಲ.

ಆಳವನ್ನು ಒಂದು ಪುಟದಲ್ಲಿ 11,521 ಮೀಟರ್, ಇನ್ನೊಂದರಲ್ಲಿ 10,916 ಎಂದಿದ್ದೀರಿ. ಮೊದಲನೆಯದು ಅಂದು ಮಾಪಕ ತೋರಿಸಿದ್ದು, ಎರಡನೆಯದು ಆಮೇಲೆ ತಿದ್ದಿದ್ದು. ಮಾಪಕ ಅಳೆಯುವುದು ಒತ್ತಡವನ್ನು; ಅದನ್ನು ಆಳಕ್ಕೆ ತಿರುಗಿಸುವಾಗ ನೀರಿನ ಉಪ್ಪು, ತಂಪು, ಕುಗ್ಗುವಿಕೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜೊತೆಗಿಟ್ಟ ತಳದ ಚಿತ್ರ ಅವರಿಬ್ಬರು ತೆಗೆದದ್ದಾಗಿರಲಾರದು. ತಳ ಮುಟ್ಟಿದಾಗ ಎದ್ದ ಕೆಸರಿನ ಮೋಡ, ಅಲ್ಲಿದ್ದ ಇಪ್ಪತ್ತು ನಿಮಿಷವೂ ಕದಡಿಕೊಂಡೇ ಇತ್ತು. ‘ಚಪ್ಪಟೆ ಮೀನು ಕಂಡಿತು’ ಎಂಬುದನ್ನು ಜಾಕ್ ಪಿಕಾರ್ಡ್ ಹೇಳಿಕೆ ಎಂದೇ ಬರೆಯಿರಿ. ಜೀವವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಮೀನು ಕ್ಯಾಮೆರಾಕ್ಕೆ ಸಿಕ್ಕ ಅತಿ ಹೆಚ್ಚಿನ ಆಳ 8,336 ಮೀಟರ್, ಜಪಾನಿನ ಬಳಿ, 2022ರಲ್ಲಿ.

ಅದೇ ಕಂದಕಕ್ಕೆ 2012ರಲ್ಲಿ ಇಳಿದ ಕ್ಯಾಮರೂನ್, 2019ರಲ್ಲಿ ಇಳಿದ ವೆಸ್ಕೋವೊ, ಇಬ್ಬರಿಗೂ ಒಂದೊಂದು ವಾಕ್ಯ ಸಾಕು. ಕೊನೆಯಲ್ಲಿ ನಮ್ಮ ಮತ್ಸ್ಯ 6000 ಮರಿಯಾನಾ ತಳಕ್ಕೆ ಹೋಗಲಿದೆ ಎಂದಿದ್ದೀರಿ. ಅದರ ಗುರಿ ಹೆಸರಿನಲ್ಲೇ ಇದೆ: 6,000 ಮೀಟರ್. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಆ ನೌಕೆಯ ವಿನ್ಯಾಸದಲ್ಲಿ ಮೂವರು ಕೂರುವ ಟೈಟಾನಿಯಂ ಗೋಳವಿದೆ. ಟ್ರಿಯೆಸ್ಟ್ ಗೋಳದ ಪಕ್ಕದಲ್ಲಿಟ್ಟು ಹೋಲಿಸಿ.

ತಿದ್ದಿದ ಪ್ರತಿ 1,200 ಪದ ಮೀರದಿರಲಿ. ಟ್ರಿಯೆಸ್ಟ್‌ನ ಅಡ್ಡಸೀಳು ಚಿತ್ರವೊಂದನ್ನು ಪೆನ್ಸಿಲಿನಲ್ಲಿ ಬರೆದರೂ ಸರಿ, ತೊಟ್ಟಿ, ಗುಂಡಿನ ಕೊಳವೆ, ಸುರಂಗ, ಗೋಳ ಇಷ್ಟನ್ನು ಗುರುತಿಸಿ ಜೊತೆಗೆ ಕಳಿಸಿ.