‘ಸ್ವಲ್ಪ ನೋಡಿ’ ಎಂದರೆ ಏನು ಮಾಡಬೇಕು?

ಪತ್ರ: ಇತರರೊಡನೆ ಬೆರೆಯುವ, ಮಾತಾಡುವ, ಸದ್ದು-ಬೆಳಕು ಗ್ರಹಿಸುವ ರೀತಿಯೇ ಹುಟ್ಟಿನಿಂದ ಬೇರೆಯಾಗಿರುವ ಆಟಿಸಂ ಕುರಿತ ಕಳೆದ ಸಂಚಿಕೆಯ ಲೇಖನ ಓದಿದೆ. ನಾನು 35 ವರ್ಷ ಪಾಠ ಹೇಳಿದವನು. ಇಂಥ ಮಕ್ಕಳಿಗೆ ಎದುರಿನವರ ಕಣ್ಣು ನೋಡಿ ಮಾತಾಡುವುದನ್ನು, ಗದ್ದಲಕ್ಕೆ ಹೊಂದಿಕೊಳ್ಳುವುದನ್ನು ಕಲಿಸಬೇಕು. ಅದು ಬಿಟ್ಟು ನೂರಕ್ಕೊಬ್ಬರಿಗಾಗಿ ಸಮಾಜವೇ ಬದಲಾಗಲಿ ಎನ್ನುವುದು ಅತಿಯಾಯಿತು. ಸೂಕ್ತ ಕಂಡರೆ ಗಮನಿಸಿ.
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಹುರುಳಿಲ್ಲದಿಲ್ಲ. ರಸ್ತೆ ದಾಟುವುದು, ಬೇಕಾದ್ದನ್ನು ಬಾಯಿಬಿಟ್ಟೋ ಚಿತ್ರ ತೋರಿಸಿಯೋ ಕೇಳುವುದು, ಇವನ್ನೆಲ್ಲ ಕಲಿಸಲೇಬೇಕು. ಕಲಿಸುವ ತಾಯ್ತಂದೆಯರ ದಣಿವೂ ಸಣ್ಣದಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಮೊದಲು ಬಂದದ್ದು ರಸ್ತೆಯಲ್ಲ, ಕಣ್ಣು. ಅಲ್ಲೇ ನನ್ನ ತಕರಾರು.

ನಮ್ಮಲ್ಲಿ ಹಿಂದೆ ಒಬ್ಬರು ಕರಡು ತಿದ್ದುತ್ತಿದ್ದರು. ಒಂದು ಕಾಗುಣಿತದ ತಪ್ಪೂ ಅವರ ಕಣ್ಣು ತಪ್ಪಿಸಿಕೊಂಡದ್ದನ್ನು ನಾನು ಕಾಣೆ. ಆ ಕಣ್ಣು ನಮ್ಮ ಮುಖದ ಮೇಲೆ ಮಾತ್ರ ನಿಲ್ಲುತ್ತಿರಲಿಲ್ಲ. ಸೊಕ್ಕು ಎಂದುಕೊಂಡೆವು. ಒಂದು ದಿನ ಅವಸರದಲ್ಲಿ ಪುಟವೊಂದನ್ನು ಅವರ ಕೈಗಿತ್ತು ‘ಇದನ್ನ ಸ್ವಲ್ಪ ನೋಡಿ’ ಎಂದೆ. ನೋಡಿದರು, ವಾಪಸ್ ಕೊಟ್ಟರು. ಪೆನ್ನಿನ ಒಂದು ಗೀಟೂ ಇಲ್ಲ! ರೇಗಿದೆ. ‘ತಿದ್ದಿ ಅಂತ ನೀವು ಹೇಳಲಿಲ್ಲ’ ಎಂದರು, ಕೊಂಕಿನ ಸುಳಿವೂ ಇಲ್ಲದೆ. ಭಾಷೆಯಿಂದಲೇ ಅನ್ನ ತಿನ್ನುವವನು ನಾನು. ಅಂದು ತಪ್ಪಿದ್ದು ನನ್ನ ವಾಕ್ಯ.

ತಮಗೆ ಆಟಿಸಂ ಇದೆ ಎಂದು ಅವರು ಹೇಳಿದ್ದು ಕೆಲಸ ಬಿಟ್ಟ ದಿನ. ತಲೆಯ ಮೇಲೆ ಮಿಣುಕುತ್ತಿದ್ದ ಟ್ಯೂಬ್‌ಲೈಟ್ ಬದಲಿಸಿ ಎಂದು ಮೂರು ಸಲ ಕೇಳಿದ್ದರು. ಮೂರು ಸಲವೂ ನಾನು ‘ನೋಡೋಣ’ ಎಂದಿದ್ದೆ. ‘ನೋಡೋಣ’ ಎಂದರೆ ‘ಇಲ್ಲ’ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾದರು, ಪಾಪ.

ಆಮೇಲೆ ನಾನು ಓದತೊಡಗಿದೆ. ಆಟಿಸಂ ಇರುವ ಅನೇಕರು ಬರೆದುಕೊಂಡಿರುವುದು ಒಂದೇ ಮಾತು: ಕಣ್ಣು ನೋಡಿದರೆ ಮಾತು ಕೇಳಿಸುವುದಿಲ್ಲ, ಮಾತು ಕೇಳಬೇಕಾದರೆ ಕಣ್ಣು ಬೇರೆಡೆ ಇರಬೇಕು. ಯಾವುದು ಬೇಕು, ನೀವೇ ಹೇಳಿ. ‘ಸ್ವಲೀನತೆ’ ಎಂಬ ನಮ್ಮ ಪದದ ಮೇಲೂ ನನಗೆ ಸಿಟ್ಟಿದೆ. ತನ್ನಲ್ಲೇ ಲೀನವಾದವರು ಎಂದು ಹೆಸರಲ್ಲೇ ತೀರ್ಪು ಕೊಟ್ಟುಬಿಡುತ್ತದೆ. ತಪ್ಪು ನಮ್ಮದೊಂದೇ ಅಲ್ಲ. ಬ್ಲಾಯ್ಲರ್ ಎಂಬ ಸ್ವಿಸ್ ವೈದ್ಯ ಗ್ರೀಕಿನ ‘ತಾನು’ ಎಂಬರ್ಥದ ಪದದಿಂದ ‘ಆಟಿಸಂ’ ಕಟ್ಟಿದ್ದು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದ್ದವರ ವಿಚಾರದಲ್ಲಿ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದಾಗ ಆ ಹೆಸರು ಇವರಿಗೆ ಅಂಟಿತು. ಮುಂದಿನ ಇಪ್ಪತ್ತು ವರ್ಷ ತಜ್ಞರೆನಿಸಿಕೊಂಡವರು ‘ಪ್ರೀತಿಯಿಲ್ಲದ ತಾಯಿಯಿಂದ ಹೀಗಾಯಿತು’ ಎನ್ನುತ್ತಿದ್ದರು. ಆ ದೂರಿನ ಬುಡಕ್ಕೆ 1964ರಲ್ಲಿ ಕೊಡಲಿ ಹಾಕಿದ ಬರ್ನಾರ್ಡ್ ರಿಮ್ಲೆಂಡ್ ಮನಶ್ಶಾಸ್ತ್ರಜ್ಞರಷ್ಟೇ ಅಲ್ಲ, ಅಂಥ ಮಗುವಿನ ತಂದೆ.

ಇನ್ನು ‘ಇವರಿಗೆ ಇನ್ನೊಬ್ಬರ ಮನಸ್ಸು ತಿಳಿಯದು’ ಎಂಬ ಆರೋಪ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಅದನ್ನು ತಿರುಗಿಸಿ ಕೇಳಿದರು: ಇವರ ಮನಸ್ಸು ನಿಮಗೆಷ್ಟು ತಿಳಿದಿದೆ? 2020ರಲ್ಲಿ ಪ್ರಕಟವಾದ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಯೋಗವಂತೂ ನಾವು ಚಿಕ್ಕಂದಿನಲ್ಲಿ ಆಡಿದ, ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟದ ಹಾಗೆಯೇ ಇದೆ. ಎಂಟೆಂಟು ಜನರ ಸಾಲಿನಲ್ಲಿ ಒಂದು ಕಥೆ ದಾಟಬೇಕು. ಸಾಲಿನಲ್ಲಿರುವವರಿಗೆಲ್ಲ ಆಟಿಸಂ ಇದ್ದಾಗ, ಯಾರಿಗೂ ಇಲ್ಲದ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿತು. ಸೋರಿಹೋದದ್ದು ಇಬ್ಬರನ್ನೂ ಬೆರೆಸಿದಾಗ. ಅಂದಮೇಲೆ ಕಣ್ಣು ನೋಡುವ ಪಾಠ ಒಂದು ಕಡೆಯವರಿಗೆ ಮಾತ್ರ ಯಾಕೆ?

ನೂರಕ್ಕೊಬ್ಬರು ಎಂದಿರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜೂ ಅದರ ಆಸುಪಾಸಿನದೇ. ನಿಮ್ಮ 35 ವರ್ಷದ ತರಗತಿಗಳಲ್ಲಿ ಎಷ್ಟು ನೂರು ಮಕ್ಕಳು ಕೂತೆದ್ದಿರಬಹುದು? ಅವರಲ್ಲಿ ಗಂಟೆ ಹೊಡೆದಾಗ ಕಿವಿ ಮುಚ್ಚಿಕೊಂಡವನನ್ನು, ‘ಜಾಸ್ತಿ ಮಾತಾಡಬೇಡ’ ಎಂದದ್ದಕ್ಕೆ ‘ಎಷ್ಟು ಮಾತಾಡಲಿ’ ಎಂದು ಕೇಳಿದವಳನ್ನು ನೆನಪಿಸಿಕೊಳ್ಳಿ. ನಿಮಗೆ ನೆನಪಾದಾರು. ಇಷ್ಟು ಅಚ್ಚುಕಟ್ಟಾಗಿ ಪತ್ರ ಬರೆಯುವವರು ಮಕ್ಕಳನ್ನು ಗಮನಿಸದೆ ಇದ್ದಿರಲಾರಿರಿ.

ಸಮಾಜ ಬದಲಾಗುವುದೆಂದರೆ ಪರ್ವತ ಕದಲಿಸುವುದೇನಲ್ಲ. ಸಂದರ್ಶನದ ಪ್ರಶ್ನೆಗಳನ್ನು ಮುಂಚೆ ಕೊಡಿ. ಫೋನೇ ಮಾಡಬೇಕೆನ್ನದೆ ಬರೆದು ಕೇಳಲು ಬಿಡಿ. ಕಿವಿಗೆ ಹೆಡ್‌ಫೋನ್ ಹಾಕಿದವರನ್ನು, ಕೈ ಅಲ್ಲಾಡಿಸುತ್ತ ನಿಂತವರನ್ನು ದಿಟ್ಟಿಸಬೇಡಿ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಇಂಥ ಹೊಂದಾಣಿಕೆಯನ್ನು ನಿರಾಕರಿಸುವುದನ್ನೇ ತಾರತಮ್ಯ ಎನ್ನುತ್ತದೆ. ನಾವೋ, ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನ ಬಂದರೆ ಕಟ್ಟಡಕ್ಕೆ ನೀಲಿ ದೀಪ ಹಾಕಿ, ಮೈಕಿನಲ್ಲಿ ಕಿರುಚಿ ‘ಜಾಗೃತಿ’ ಮೂಡಿಸುತ್ತೇವೆ. ಸದ್ದು ತಾಳಲಾರದವರ ದಿನಕ್ಕೆ ಮೈಕು!

ದೂರುತ್ತ ಹೋದರೆ ಇದು ಆಟಿಸಂನಲ್ಲೇ ನಿಲ್ಲುವುದಿಲ್ಲ. ಯಾಕೆ ಕರೆದಿದ್ದೇವೆಂದು ಹೇಳದ ಸಭೆಗಳು, ಓದಿದವರೂ ತಡವರಿಸುವ ಅರ್ಜಿ ನಮೂನೆಗಳು, ‘ನಿಮಗೇ ಗೊತ್ತಾಗಬೇಕಿತ್ತು’ ಎನ್ನುವ ಮೇಲಧಿಕಾರಿಗಳು. ಊಹಿಸುವ ಚಾಕಚಕ್ಯತೆಗೆ ಜಾಣತನವೆಂದು ಹೆಸರಿಟ್ಟು, ನೇರ ಮಾತಿಗೆ ಒರಟುತನವೆಂದು ಹೆಸರಿಟ್ಟಿದ್ದೇವೆ. ನನ್ನ ಮೇಜಿಗೆ ಬರುವ ಅರ್ಧ ಲೇಖನಗಳ ರೋಗವೂ ಇದೇ, ಅದಿರಲಿ.

ನಿಮ್ಮ ಪತ್ರದ ಕೊನೆಯ ಸಾಲು ‘ಸೂಕ್ತ ಕಂಡರೆ ಗಮನಿಸಿ’. ಪ್ರಕಟಿಸಿ ಎಂದೋ, ಓದಿ ಸುಮ್ಮನಿರಿ ಎಂದೋ ತಿಳಿಯದೆ ಎರಡು ದಿನ ಇಟ್ಟುಕೊಂಡಿದ್ದೆ. ಪ್ರಕಟಿಸಿದ್ದೇನೆ. ಊಹೆ ತಪ್ಪಾಗಿದ್ದರೆ ನೇರವಾಗಿ ಬೈದು ಬರೆಯಿರಿ.